ಪ್ರಯಾಣಕ್ಕೆ ಸೋತು ಕೆಲಸ ಬಿಡ್ಲಾ ಮೇಡಂ?

ಪ್ರಶ್ನೆ: ಮೇಡಂ ನಮಸ್ಕಾರ. ನನಗೆ 34 ವರ್ಷ, ಮನೆ ಬೆಂಗಳೂರಿನ ದಾಸರಹಳ್ಳಿ, ಸ್ವಂತದ್ದು. ಆಫೀಸು ಬೆಳ್ಳಂದೂರು ಹತ್ರ ಔಟರ್ ರಿಂಗ್ ರೋಡಲ್ಲಿ. ಅಕೌಂಟ್ಸ್ ಕೆಲಸ, ಪರ್ಮನೆಂಟು, ಸೇರಿ 4 ವರ್ಷ 7 ತಿಂಗಳಾಯ್ತು. ಕೈಗೆ 48,000 ಬರುತ್ತೆ, ಬೇಸಿಕ್ 26,000, ನೋಟಿಸ್ ಎರಡು ತಿಂಗಳು. ಮುಂಚೆ ವಾರಕ್ಕೆ ಎರಡು ದಿನ ಹೋದ್ರೆ ಸಾಕಿತ್ತು, ಈಗ ಐದೂ ದಿನ ಬರ್ಲೇಬೇಕು. ಬೆಳಿಗ್ಗೆ 6.45ಕ್ಕೆ ಬಿಟ್ರೆ ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕೆಆರ್ ಪುರ, ಅಲ್ಲಿಂದ 500ಡಿ ಬಸ್ಸು, 9ಕ್ಕೆ ಸೀಟಲ್ಲಿರ್ತೀನಿ. ಸಂಜೆ 6ಕ್ಕೆ ಎದ್ರೆ ಮನೆ 8.15, ಮಳೆ ಬಂದ್ರೆ 9.30. ಮೆಟ್ರೊಗೆ ತಿಂಗಳಿಗೆ ಸುಮಾರು 3,500, ತಡವಾದಾಗ ಆಟೋಗೆ ಇನ್ನೊಂದು 2,000. ಮಗಳು ಮೂರನೇ ಕ್ಲಾಸು, ನಾನು ಬರೋಷ್ಟರಲ್ಲಿ ಹೋಮ್‌ವರ್ಕ್ ಮುಗ್ಸಿ ಅಜ್ಜಿ ಪಕ್ಕ ನಿದ್ದೆ ಹೋಗಿರ್ತಾಳೆ. ಮನೆಯವರು ಟ್ರಾಫಿಕ್‌ಗೋಸ್ಕರ ಯಾರಾದ್ರೂ ಒಳ್ಳೆ ಕೆಲಸ ಬಿಡ್ತಾರಾ ಅಂತಾರೆ, ಮ್ಯಾನೇಜರ್ ಎಲ್ರೂ ಬರ್ತಿಲ್ವಾ ಅಂತಾರೆ. ಅತ್ತೆಯವರಿಗೆ ಬಿಪಿ ಶುಗರ್ ಇದೆ, ನನ್ನ ಆಫೀಸಿನ ಇನ್ಶೂರೆನ್ಸಲ್ಲೇ ಇದಾರೆ. ರಾತ್ರಿ ನಿದ್ದೆ ಐದೂವರೆ ಗಂಟೆ ಅಷ್ಟೇ. ಸೋಮವಾರವೇ ರಿಸೈನ್ ಮಾಡ್ಬಿಡೋಣ ಅನ್ಸ್ತಿದೆ. ಮಾಡ್ಲಾ?

ಉತ್ತರ: ಸೋಮವಾರ ಬೇಡಮ್ಮ. ಆದ್ರೆ ಬಿಡೋ ಯೋಚನೆ ತಪ್ಪು ಅಂತ ನಾನು ಹೇಳ್ತಿಲ್ಲ, ಅದನ್ನ ಮೊದ್ಲು ಸ್ಪಷ್ಟ ಮಾಡ್ಬಿಡ್ತೀನಿ. ನಿಮ್ಮ ಮೇಲ್ ಪೂರ್ತಿ ಓದಿದ್ಮೇಲೆ ನನಗೆ ಅನ್ಸಿದ್ದು, ಈ ಕೆಲಸದಿಂದ ನೀವು ಹೊರಗೆ ಬರ್ಬೇಕು, ಆದ್ರೆ ಇನ್ನೊಂದು ಐದು ತಿಂಗಳಾದ್ಮೇಲೆ, ಕೈಯಲ್ಲಿ ಇನ್ನೊಂದು ಆಫರ್ ಇಟ್ಕೊಂಡು. ಯಾಕೆ ಐದು ತಿಂಗಳು ಅಂತ ಆಮೇಲೆ ಹೇಳ್ತೀನಿ.

ಮೊದ್ಲು ಆ "ಟ್ರಾಫಿಕ್‌ಗೋಸ್ಕರ ಯಾರಾದ್ರೂ ಬಿಡ್ತಾರಾ" ಅನ್ನೋ ಮಾತು. ಬಿಡ್ತಾರೆ. ನಾನು ಇಪ್ಪತ್ತು ವರ್ಷ ಎಚ್‌ಆರ್‌ನಲ್ಲಿದ್ದವಳು, ಬಿಟ್ಟು ಹೋಗೋರನ್ನ ಕೂರಿಸ್ಕೊಂಡು ಮಾತಾಡಿದಾಗ ಫಾರಂನಲ್ಲಿ "ಉತ್ತಮ ಅವಕಾಶ" ಅಂತ ಬರೆದು, ಪೆನ್ನು ಕೆಳಗಿಟ್ಟ ಮೇಲೆ "ಓಡಾಡಿ ಸಾಕಾಯ್ತು ಮೇಡಂ" ಅಂದೋರು ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ, ಅಷ್ಟೇ. ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತೆ ಅವರ ಜೊತೆಯವರು 2004ರಲ್ಲಿ ಪ್ರಕಟ ಆದ ಒಂದು ಅಧ್ಯಯನಕ್ಕೆ ಅಮೆರಿಕದ ಟೆಕ್ಸಸ್‌ನಲ್ಲಿ ಕೆಲಸಕ್ಕೆ ಹೋಗೋ 909 ಹೆಂಗಸರನ್ನ ನಿನ್ನೆ ದಿನ ಏನೇನು ಮಾಡಿದ್ರಿ, ಆಗ ಮನಸ್ಸಿಗೆ ಹೇಗಿತ್ತು ಅಂತ ಕೇಳಿದ್ರು, ಅದ್ರಲ್ಲಿ ಎಲ್ಲದಕ್ಕಿಂತ ಕೆಳಗೆ ಬಂದಿದ್ದು ಬೆಳಗಿನ ಪ್ರಯಾಣ, ಮನೆಗೆಲಸಕ್ಕಿಂತಲೂ ಕೆಳಗೆ. ಅವರಲ್ಲಿ ಯಾರಿಗೂ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಗೊತ್ತಿರ್ಲಿಲ್ಲ. ನಿಮ್ಮ ದಣಿವು ಸೋಮಾರಿತನ ಅಲ್ಲ, ಇದನ್ನ ಮನೆಯವರಿಗೂ ಓದಿ ಹೇಳಿ.

ಈಗ ಒಂದು ಪ್ರಶ್ನೆಗೆ ನೀವೇ ಉತ್ತರ ಕೊಟ್ಕೊಳ್ಳಿ. ವಾರಕ್ಕೆ ಎರಡೇ ದಿನ ಹೋಗ್ತಿದ್ದಾಗ, ಮನೇಲಿ ಕೂತು ಕೆಲಸ ಮಾಡಿದ ಆ ಮೂರು ದಿನ, ಕೆಲಸ ಹೇಗಿತ್ತು? ತಿಂಗಳ ಕೊನೇಲಿ ಲೆಕ್ಕ ಟ್ಯಾಲಿ ಆದಾಗ ಖುಷಿ ಆಗ್ತಿತ್ತಾ, ಟೀಮ್ ಜೊತೆ ಮಾತು ಚೆನ್ನಾಗಿತ್ತಾ? ಹೌದು ಅಂದ್ರೆ ಕೆಲಸಕ್ಕೆ ಕೆಟ್ಟ ಹೆಸರು ಕೊಡ್ಬೇಡಿ, ಕೆಟ್ಟಿರೋದು ದಾರಿ ಮಾತ್ರ. ಆಗ್ಲೂ ಮನಸ್ಸು ಭಾರ ಇತ್ತು ಅಂದ್ರೆ ಹತ್ರದಲ್ಲಿ ಇಂಥದ್ದೇ ಕೆಲಸ ಹಿಡಿದ್ರೂ ಆರು ತಿಂಗಳಿಗೆ ಮತ್ತೆ ಹೀಗೇ ಅನ್ಸುತ್ತೆ. ಐದೂವರೆ ಗಂಟೆ ನಿದ್ದೆ ಮಾಡ್ತಿದೀನಿ ಅಂತ ಕೊನೇಲಿ ಬರೆದಿದೀರಿ, ಆ ನಿದ್ದೇಲಿ ಎಲ್ಲಾನೂ ಒಂದೇ ಥರ ಕಾಣುತ್ತೆ, ಅದಕ್ಕೇ ಸಾಧ್ಯ ಆದ್ರೆ ಒಂದು ನಾಲ್ಕು ದಿನ ರಜೆ ಹಾಕಿ ಚೆನ್ನಾಗಿ ಮಲಗಿ ಎದ್ದು ಆಮೇಲೆ ಈ ಪ್ರಶ್ನೆ ಕೇಳ್ಕೊಳ್ಳಿ.

ಇನ್ನು ದುಡ್ಡಿನ ಲೆಕ್ಕ, ನೀವು ಅಕೌಂಟ್ಸ್‌ನವರು, ನಿಮಗೆ ಇದು ಬೇಗ ಅರ್ಥ ಆಗುತ್ತೆ. ಆಫೀಸಲ್ಲಿ 9 ಗಂಟೆ, 22 ದಿನ, ಅಂದ್ರೆ 198 ಗಂಟೆ. 48,000ನ್ನ ಅದರಿಂದ ಭಾಗಿಸಿದ್ರೆ ಗಂಟೆಗೆ 242 ರೂಪಾಯಿ. ಆದ್ರೆ ದಾರೀಲಿ ಕಳೆಯೋ ನಾಲ್ಕೂವರೆ ಗಂಟೇನೂ ಕಂಪನಿಗೋಸ್ಕರಾನೇ ತಾನೇ? ಅದೂ ಸೇರಿದ್ರೆ 297 ಗಂಟೆ. ಸಂಬಳದಲ್ಲಿ ಮೆಟ್ರೊ ಆಟೋ 5,500 ಕಳೀರಿ, ಉಳಿಯೋದು 42,500, ಗಂಟೆಗೆ 143. 2025ರ ಫೆಬ್ರವರೀಲಿ ಮೆಟ್ರೊ ಗರಿಷ್ಠ ದರ 60ರಿಂದ 90ಕ್ಕೆ ಏರಿದ ಮೇಲೆ ಬಹಳ ಜನರ ಲೆಕ್ಕ ಹೀಗೇ ಅಡಿಮೇಲಾಗಿದೆ. ಬಸ್ಸಿಗೆ ಶಕ್ತಿ ಯೋಜನೆ ಇದೆ ನಿಜ, ಆದ್ರೆ ಸಾಮಾನ್ಯ ಬಸ್ಸು ತುಂಬಿ ಬಂತು ಅಂತ ಎಸಿ ಇರೋ ವಜ್ರ ಬಸ್ಸು ಹತ್ತಿದ್ರೆ ಅದೂ ಕೈಯಿಂದಾನೇ. ಈಗ ಯಶವಂತಪುರದಲ್ಲಿ 41,000ದ ಕೆಲಸ ಸಿಕ್ತು ಅಂದ್ಕೊಳ್ಳಿ, ಬಾಗಿಲಿಂದ ಬಾಗಿಲಿಗೆ ನಲವತ್ತು ನಿಮಿಷ, ಓಡಾಟಕ್ಕೆ 1,500. ಗಂಟೆಗೆ 174 ಬರುತ್ತೆ. ಏಳು ಸಾವಿರ ಕಮ್ಮಿ ಅಂತ ಕಾಣೋ ಕೆಲಸ ನಿಮ್ಮ ಗಂಟೆಗೆ ಜಾಸ್ತಿ ಕೊಡ್ತಿದೆ, ಮೇಲಿಂದ ದಿನಕ್ಕೆ ಮೂರು ಗಂಟೆ ವಾಪಸ್ಸು. ಆದ್ರೆ ಮನೆ ಖರ್ಚು ಗಂಟೆ ಲೆಕ್ಕದಲ್ಲಿ ಬರಲ್ಲ, ಫೀಸು ಲೋನು ಕಟ್ಟೋಕೆ ತಿಂಗಳಿಗೆ ಕನಿಷ್ಠ ಎಷ್ಟು ಬೇಕೇ ಬೇಕು ಅಂತ ಮನೆಯವರ ಜೊತೆ ಕೂತು ಬರ್ಕೊಳ್ಳಿ, ಅದಕ್ಕಿಂತ ಕೆಳಗೆ ಇಳೀಬೇಡಿ.

ಎರಡು ವಾರ, ದಾರಿಯ ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡೀತು ಅಂತ ಒಂದು ಚೀಟೀಲಿ ಬರೆದಿಡಿ, ತುಂಡು ತುಂಡಾಗಿ. ನನ್ನ ಊಹೆ, ದಾಸರಹಳ್ಳಿಯಿಂದ ಕೆಆರ್ ಪುರದವರೆಗೆ ಮೆಟ್ರೊ ಭಾಗ ದಿನಾ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಉದ್ದ ಆದ್ರೂ ನಂಬಬಹುದು. ನಿಮ್ಮನ್ನ ಸಾಯಿಸ್ತಿರೋದು ಕೆಆರ್ ಪುರ ಆದ್ಮೇಲಿನ ಹತ್ತು ಕಿಲೋಮೀಟರು, ಒಂದಿನ ಅರ್ಧ ಗಂಟೆ, ಒಂದಿನ ಒಂದೂಕಾಲು. ಎಷ್ಟೊತ್ತಿಗೆ ಮನೆ ಸೇರ್ತೀನಿ ಅಂತ ಗೊತ್ತಿಲ್ದೆ ಇರೋದು ಇದೆಯಲ್ಲ, ಅದು ಬರೀ ದೂರಕ್ಕಿಂತ ಜಾಸ್ತಿ ಸುಸ್ತು ಮಾಡುತ್ತೆ. ಸಿಲ್ಕ್ ಬೋರ್ಡ್–ಕೆಆರ್ ಪುರ ಮೆಟ್ರೊ ಬಂದ್ಮೇಲೆ ಸರಿಹೋಗುತ್ತೆ ಅಂತ ಕಾಯೋಕೆ ಹೋಗ್ಬೇಡಿ, ಅದರ ತಾರೀಖು ಎಷ್ಟೋ ಸಲ ಮುಂದಕ್ಕೆ ಹೋಗಿದೆ, ಅದರ ಮೇಲೆ ಜೀವನ ಪ್ಲಾನ್ ಮಾಡೋಕಾಗಲ್ಲ.

ಈ ಚೀಟಿ ಇಟ್ಕೊಂಡು ಮ್ಯಾನೇಜರ್ ಹತ್ರ ಹೋಗಿ. "ಕಷ್ಟ ಆಗ್ತಿದೆ ಸರ್" ಅಂದ್ರೆ ಅವರು ಎಲ್ರಿಗೂ ಕಷ್ಟಾನೇ ಅಂತಾರೆ, ಅದಕ್ಕೆ ಉತ್ತರ ಇಲ್ಲ. "7.30ರಿಂದ 4.30 ಶಿಫ್ಟ್ ಕೊಡಿ, ಮೂರು ತಿಂಗಳು ನೋಡೋಣ, ಕ್ಲೋಸಿಂಗ್ ವಾರದಲ್ಲಿ ಬೇಕಾದ್ರೆ ನಿಲ್ತೀನಿ" ಅಂತ ಕೇಳಿ. ಅದಾಗ್ಲಿಲ್ಲ ಅಂದ್ರೆ ವಾರಕ್ಕೆ ಎರಡು ದಿನ ಮನೆಯಿಂದ, ಅದೂ ಆಗ್ಲಿಲ್ಲ ಅಂದ್ರೆ ವೈಟ್‌ಫೀಲ್ಡ್ ಕಡೆ ಬ್ರಾಂಚ್ ಇದ್ರೆ ಅಲ್ಲಿಗೆ, ಯಾಕಂದ್ರೆ ನೇರಳೆ ಮಾರ್ಗ ಈಗ ಕಾಡುಗೋಡಿವರೆಗೂ ಹೋಗುತ್ತೆ, ದೂರ ಜಾಸ್ತಿ ಆದ್ರೂ ಬಸ್ಸಿನ ಗೋಳು ಇರಲ್ಲ. ಮಾತಾಡಿ ಬಂದ್ಮೇಲೆ ಅದನ್ನೇ ಒಂದು ಮೇಲ್ ಹಾಕಿ. ಒಪ್ಪಲಿಲ್ಲ ಅಂದ್ರೂ ನಷ್ಟ ಇಲ್ಲ, ಕೇಳ್ದೆ ಬಿಟ್ಟೆ ಅನ್ನೋ ಕೊರಗು ಇರಲ್ಲ.

ಈಗ ಐದು ತಿಂಗಳ ವಿಷ್ಯ, ಗ್ರಾಚ್ಯುಟಿ, ಅಂದ್ರೆ ದುಡಿದ ವರ್ಷಗಳಿಗೆ ಕೆಲಸ ಬಿಡೋವಾಗ ಕಂಪನಿ ಕೊಡೋ ಇಡಿಗಂಟು. ಪರ್ಮನೆಂಟ್ ಕೆಲಸದಲ್ಲಿ 5 ವರ್ಷ ಬಿಡದೆ ದುಡಿದಿದ್ರೆ ಅದು ನಿಮ್ಮ ಹಕ್ಕು. ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಇಂಟು 15, ಭಾಗಿಸು 26, ಇಂಟು ವರ್ಷ. ನಿಮ್ಮ ಬೇಸಿಕ್ ಮೇಲೆ ಲೆಕ್ಕ ಹಾಕಿದ್ರೆ ವರ್ಷಕ್ಕೆ 15,000, ಐದು ವರ್ಷಕ್ಕೆ 75,000. ಸೋಮವಾರ ಪೇಪರ್ ಹಾಕಿದ್ರೆ ನಿಮ್ಮ ಕೊನೇ ದಿನ 4 ವರ್ಷ 9 ತಿಂಗಳಿಗೆ ಬೀಳುತ್ತೆ. ನಾಲ್ಕು ವರ್ಷದ ಮೇಲೆ 240 ದಿನ ಆಗಿದ್ರೆ ಸಾಕು ಅಂತ ಕೆಲವು ಹೈಕೋರ್ಟ್ ತೀರ್ಪುಗಳಿವೆ, ಆದ್ರೆ ಕಂಪನಿ ಒಪ್ಪದೆ ಇದ್ರೆ ಅದರ ಹಿಂದೆ ಅಲೆಯೋ ಶಕ್ತಿ ನಿಮಗೆ ಈಗ ಇಲ್ಲ. ನೋಟಿಸ್ ಟೈಮಲ್ಲಿ ಕೆಲಸ ಮಾಡಿದ್ದೂ ಸೇವೆಗೆ ಸೇರುತ್ತೆ, ಹಾಗಾಗಿ ನೀವು ನಿಜವಾಗ್ಲೂ ತಡೀಬೇಕಾಗಿರೋದು ಮೂರು ತಿಂಗಳು ಮತ್ತೊಂದು ಹತ್ತು ದಿನ ಮಾತ್ರ, ಆಮೇಲೆ ಪೇಪರ್ ಹಾಕಿದ್ರೆ ಎರಡು ತಿಂಗಳ ನೋಟಿಸ್ ಮುಗಿಯೋಷ್ಟರಲ್ಲಿ ಐದು ವರ್ಷ ದಾಟಿರುತ್ತೆ. ಆ ಹತ್ತು ದಿನ ಬಿಡ್ಬೇಡಿ, ಬೇಗ ರಿಲೀವ್ ಮಾಡಿ ಅಂತ ನೀವಾಗೇ ಕೇಳ್ಬೇಡಿ.

ಅತ್ತೆಯವರು ಆಫೀಸಿನ ಇನ್ಶೂರೆನ್ಸಲ್ಲಿ ಇದಾರೆ, ಬಿಪಿ ಶುಗರ್ ಇದೆ ಅಂತ ಬರೆದಿದೀರಿ. ನೀವು ಬಿಟ್ಟ ದಿನ ಆ ಕವರ್ರೂ ಹೋಗುತ್ತೆ. ಹೊಸದಾಗಿ ಪಾಲಿಸಿ ತಗೊಂಡ್ರೆ ಮೊದಲಿಂದ ಇರೋ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯ್ಬೇಕಾಗಬಹುದು. ಅದೇ ಇನ್ಶೂರೆನ್ಸ್ ಕಂಪನಿಯಲ್ಲಿ ಗುಂಪು ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ಬದಲಾಯಿಸ್ಕೊಳ್ಳೋಕೆ ಅವಕಾಶ ಇದೆ, ಒಪ್ಪೋದು ಬಿಡೋದು ಅವರಿಗೆ ಸೇರಿದ್ದು, ಆದ್ರೂ ನೋಟಿಸ್ ಟೈಮಲ್ಲೇ ಎಚ್‌ಆರ್‌ಗೆ ಕೇಳಿ ಅರ್ಜಿ ಹಾಕಿ, ಬಿಟ್ಟ ಮೇಲೆ ಯಾರೂ ಫೋನ್ ಎತ್ತಲ್ಲ. ಪಿಎಫ್ ತೆಗೀಬೇಡಿ, ಹೊಸ ಕಡೆಗೆ ಟ್ರಾನ್ಸ್‌ಫರ್ ಮಾಡ್ಸಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡ್ತಿದ್ದ ಕಾಲ, ಒಂದು ಮಳೆಗಾಲದ ರಾತ್ರಿ ಮೂರು ಗಂಟೆ ಬಸ್ಸಲ್ಲಿ ಕೂತು ಬಂದು, ಒದ್ದೆ ಬಟ್ಟೇಲೇ ರಾಜೀನಾಮೆ ಮೇಲ್ ಕಳಿಸ್ಬಿಟ್ಟೆ. ಮುಂದಿನ ಕೆಲಸ ಸಿಗೋಕೆ ಏಳು ತಿಂಗಳಾಯ್ತು. ಆ ಏಳು ತಿಂಗಳಲ್ಲಿ ಅಪ್ಪನಿಗೆ ಆಪರೇಷನ್ ಆಯ್ತು, ಕವರ್ ಇರ್ಲಿಲ್ಲ, ತಮ್ಮ ಸಾಲ ಮಾಡ್ದ. ಬಿಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ, ಬಿಟ್ಟ ರೀತಿಗೆ ಇದೆ.

ಹುಡುಕೋವಾಗ ಮ್ಯಾಪಲ್ಲಿ ಕಿಲೋಮೀಟರ್ ನೋಡ್ಬೇಡಿ, ಮೆಟ್ರೊ ಸ್ಟೇಷನ್ ನೋಡಿ. ನಿಮ್ಮದು ಹಸಿರು ಮಾರ್ಗ. ಪೀಣ್ಯ, ಯಶವಂತಪುರ, ರಾಜಾಜಿನಗರ, ಜಯನಗರ, ಜೆಪಿ ನಗರ ಎಲ್ಲಾ ಒಂದೇ ರೈಲಲ್ಲಿ. ಪೀಣ್ಯದಲ್ಲಿ ಸಣ್ಣ ದೊಡ್ಡ ಕಾರ್ಖಾನೆಗಳು ಎಷ್ಟಿವೆ, ಜಿಎಸ್‌ಟಿ ಟಿಡಿಎಸ್ ಗೊತ್ತಿರೋ ಅಕೌಂಟ್ಸ್‌ನವರು ಎಲ್ರಿಗೂ ಬೇಕು, ಐಟಿ ಪಾರ್ಕ್‌ನ ಗಾಜಿನ ಕಟ್ಟಡ ಇಲ್ಲ ಅಂತ ಅದನ್ನ ಕೀಳಾಗಿ ನೋಡ್ಬೇಡಿ. ಸ್ಟೇಷನ್‌ನಿಂದ ನಡೆದು ಹದಿನೈದು ನಿಮಿಷ ಮೀರಬಾರದು ಅಂತ ಒಂದು ಗೆರೆ ಹಾಕ್ಕೊಳ್ಳಿ. ಇಂಟರ್ವ್ಯೂಗೆ ಕರೆದ್ರೆ ಅವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗೋ ಹೊತ್ತಲ್ಲೇ ಹೋಗಿ, ದಾರಿ ಹೇಗಿದೆ ಅಂತ ಆಗ್ಲೇ ಗೊತ್ತಾಗುತ್ತೆ.

ಯಾಕೆ ಬಿಡ್ತಿದೀರಿ ಅಂತ ಕೇಳಿದ್ರೆ ಸುಳ್ಳು ಹೇಳ್ಬೇಡಿ. "ಐದು ದಿನ ಆಫೀಸ್ ಆದ್ಮೇಲೆ ದಿನಕ್ಕೆ ನಾಲ್ಕೂವರೆ ಗಂಟೆ ದಾರೀಲೇ ಹೋಗ್ತಿದೆ, ಮನೆಗೆ ಹತ್ರ ಇರೋ ಕಡೆ ಬಹಳ ವರ್ಷ ಕೆಲಸ ಮಾಡ್ಬೇಕು ಅಂತಿದೀನಿ" ಅನ್ನಿ, ಸಾಕು. ಎದುರಿಗೆ ಕೂತೋರೂ ಅದೇ ಟ್ರಾಫಿಕ್‌ನಲ್ಲಿ ಬಂದಿರ್ತಾರೆ.

ಈ ಮೂರು ತಿಂಗಳು ದೇಹ ತಡೀದೆ ಹೋದ್ರೆ, ತಲೆಸುತ್ತು, ಎದೆ ಹೊಡ್ಕೊಳ್ಳೋದು ಇಂಥದ್ದೇನಾದ್ರೂ ಶುರುವಾದ್ರೆ, 75,000 ಮುಖ ನೋಡ್ಬೇಡಿ, ಡಾಕ್ಟರ ಹತ್ರ ಹೋಗಿ, ಬಿಡ್ಬೇಕಾಗಿ ಬಂದ್ರೆ ಬಿಟ್ಬಿಡಿ. ಇಲ್ಲ ಅಂದ್ರೆ ಇವತ್ತು ರಾತ್ರೀನೇ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಸೇರಿದ ತಾರೀಖು ಮತ್ತೆ ನೋಟಿಸ್ ಷರತ್ತು ಎರಡೂ ನೋಡಿ, ಪೇಪರ್ ಹಾಕೋ ದಿನಾನ ಕ್ಯಾಲೆಂಡರಲ್ಲಿ ಗುರ್ತು ಮಾಡಿ ಇಡಿ.