ಗುಲಾಬಿ ಹಕ್ಕಿಯ ಬೂದು ಮರಿ

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಮ್ಮದು ಬೀಳಗಿ ತಾಲ್ಲೂಕಿನ ಒಂದು ಹಳ್ಳಿ. ಮನೆಗೆ ಹತ್ತಿಕೊಂಡೇ ನಮ್ಮ ಹಿಟ್ಟಿನ ಗಿರಣಿ ಇದೆ. ಮಗಳು ನಾಲ್ಕನೇ ತರಗತಿ, ಮಗ ಏಳನೇ. ರಜೆ ಬಂದರೆ ಇಬ್ಬರೂ ಟಿವಿಯಲ್ಲಿ ಕಾಡುಪ್ರಾಣಿ, ಹಕ್ಕಿಗಳ ಸಾಕ್ಷ್ಯಚಿತ್ರ ನೋಡುತ್ತಾ ಕೂತುಬಿಡುತ್ತಾರೆ. ನಮ್ಮ ಅತ್ತೆಯವರು ‘ಕಣ್ಣು ಹೊಕ್ಕಾವು, ಬಂದ್ ಮಾಡ್ರಿ’ ಅಂತಾರೆ. ಅದರಿಂದಲೇ ವಿಜ್ಞಾನ, ಗಣಿತ, ಸಮಾಜ ಎಲ್ಲಾ ಕಲಿಸಬಹುದು ಅಂತ ಯಾರೋ ಹೇಳಿದರು. ನಾನು ಹತ್ತನೇ ತನಕ ಓದಿದವಳು. ಚಿತ್ರದಲ್ಲಿ ಮಾತೆಲ್ಲಾ ಇಂಗ್ಲಿಷ್, ನನಗೇ ಪೂರ್ತಿ ತಿಳಿಯೋದಿಲ್ಲ. ನನ್ನಿಂದ ಆಗುತ್ತಾ?
– ಒಬ್ಬ ತಾಯಿ, ಬೀಳಗಿ ತಾಲ್ಲೂಕು

ಉತ್ತರ: ಆಗುತ್ತದೆ ತಂಗಿ. ನಿನ್ನ ಮನೆಯಲ್ಲಿ ಗಿರಣಿ ಇದೆ, ಹತ್ತಿರದಲ್ಲೇ ಹಿನ್ನೀರು ಇದೆ, ಜೊತೆಗೆ ಅತ್ತೆ ಇದ್ದಾರೆ. ಇಷ್ಟು ಅನುಕೂಲ ಎಷ್ಟು ಮನೆಗಳಲ್ಲಿದೆ?

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಶಾಲೆಯಿಂದ ನಿವೃತ್ತಳಾದ ವರ್ಷ ಬಾಗಲಕೋಟೆ ನವನಗರದ ನಮ್ಮ ಮನೆಗೆ ಮೊಮ್ಮಗ ರಜೆಗೆ ಬಂದಿದ್ದ. ಆನೆಗಳ ಚಿತ್ರ ಹಚ್ಚಿ, ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ‘ಇದು ಏನು ತಿನ್ನುತ್ತೆ? ಈ ಕಾಡು ಯಾವ ರಾಜ್ಯದಲ್ಲಿದೆ?’ ಎಂದು ಕೇಳುತ್ತಾ ಹೋದೆ. ಅರ್ಧ ಗಂಟೆಯಲ್ಲಿ ಹುಡುಗ ಎದ್ದು ಅಂಗಳಕ್ಕೆ ಹೋದ. ಮರುದಿನ ಕರೆದರೂ ಬರಲಿಲ್ಲ. ಅವನು ಆನೆಯನ್ನು ನೋಡಲು ಕೂತಿದ್ದ, ನಾನು ಪರೀಕ್ಷೆ ಹಿಡಿದಿದ್ದೆ. ಅಂದಿನಿಂದ ನನ್ನ ನಿಯಮ ಒಂದೇ: ಒಂದು ಚಿತ್ರಕ್ಕೆ ಒಂದು ಪ್ರಶ್ನೆ ಸಾಕು. ಆ ಪ್ರಶ್ನೆಯೂ ಮಗುವಿನ ಬಾಯಿಂದಲೇ ಬರಬೇಕು. ಬರುವ ತನಕ ಸುಮ್ಮನೆ ಪಕ್ಕದಲ್ಲಿ ಕೂತು ನೋಡು.

ಮುಂದೆ ಒಮ್ಮೆ ಪಕ್ಕದ ಮನೆಯ ಹುಡುಗಿ ನಮ್ಮಲ್ಲಿ ಕೂತು ರಾಜಹಂಸಗಳ ಚಿತ್ರ ನೋಡುತ್ತಿದ್ದಳು. ಫ್ಲೆಮಿಂಗೊ ಅಂತಾರಲ್ಲ, ಅದೇ ಉದ್ದ ಕಾಲಿನ ಗುಲಾಬಿ ಹಕ್ಕಿ. ಕೆಸರಿನ ಗುಪ್ಪೆಯ ಮೇಲೆ ಒಂದೇ ಮೊಟ್ಟೆ, ಅದರಿಂದ ಬೂದು ಬಣ್ಣದ ಮರಿ ಹೊರಬಂತು. ಹುಡುಗಿ ಕೇಳಿದಳು: ‘ಅವ್ವ ಗುಲಾಬಿ ಅದಾಳ, ಕೂಸು ಯಾಕ ಬೂದಿ ಬಣ್ಣ ಐತಿ?’ ಅಲ್ಲಿಗೆ ಟಿವಿ ನಿಲ್ಲಿಸಿದೆ. ಉತ್ತರ ಹೇಳಲಿಲ್ಲ, ಅಡುಗೆಮನೆಗೆ ಕರೆದುಕೊಂಡು ಹೋದೆ.

ಒಂದು ಗಜ್ಜರಿ (ಕ್ಯಾರೆಟ್) ತುರಿಸಿದೆ. ಅರ್ಧ ತುರಿಯನ್ನು ನೀರಲ್ಲಿ ಕುದಿಸಿದೆವು, ಇನ್ನರ್ಧವನ್ನು ಒಗ್ಗರಣೆ ಸೌಟಿನಲ್ಲಿ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆವು. (ಬೆಂಕಿಯ ಕೆಲಸ ನಿನ್ನ ಕೈಯಲ್ಲೇ ಇರಲಿ.) ನೀರಿಗೆ ಅಷ್ಟಾಗಿ ಬಣ್ಣ ಏರಲಿಲ್ಲ. ಎಣ್ಣೆ ಮಾತ್ರ ಕೇಸರಿಯಾಯಿತು. ಎರಡನ್ನೂ ಬಿಳಿ ಬಟ್ಟಲಿಗೆ ಬಸಿದು ಕಿಟಕಿಯಲ್ಲಿ ಇಟ್ಟು ಅವಳು ಬಹಳ ಹೊತ್ತು ನೋಡಿದಳು. ಗಜ್ಜರಿಯ ಬಣ್ಣ ಕೆರೋಟಿನಾಯ್ಡ್ ಎಂಬ ಗುಂಪಿನದು, ಅದು ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ರಾಜಹಂಸ ತಿನ್ನುವ ಪಾಚಿ, ಸಣ್ಣ ಸೀಗಡಿಗಳಲ್ಲೂ ಇರುವುದು ಅದೇ ಗುಂಪಿನ ಬಣ್ಣ. ತಿಂದದ್ದು ವರ್ಷಗಳು ಕಳೆದಂತೆ ಗರಿಗೆ ಸೇರಿ ಗುಲಾಬಿಯಾಗುತ್ತದೆ. ಮೃಗಾಲಯದಲ್ಲಿ ಅಂಥ ಆಹಾರ ಸಿಗದಿದ್ದರೆ ಹಕ್ಕಿ ಬಿಳಚಿಕೊಳ್ಳುತ್ತದೆ. ಇಷ್ಟು ಹೇಳುವಷ್ಟರಲ್ಲಿ ಹುಡುಗಿಯೇ ಅಂದಳು, ‘ಹಂಗಾದ್ರ ಕೂಸು ಇನ್ನೂ ಉಂಡಿಲ್ಲ!’

ನಿಮ್ಮ ಮನೆಯಲ್ಲಿ ಇದಕ್ಕಿಂತ ಚೆಂದದ ಸಾಧನ ಇದೆ: ಗಿರಣಿಯ ಸಾಣಿಗೆ, ಅಂದರೆ ಜರಡಿ. ರಾಜಹಂಸ ತಲೆ ತಲೆಕೆಳಗು ಮಾಡಿ ಕೊಕ್ಕನ್ನು ನೀರಿಗಿಳಿಸುತ್ತದೆ. ನಾಲಗೆಯಿಂದ ನೀರನ್ನು ಒಳಗೆಳೆದು ಹೊರಗೆ ತಳ್ಳುತ್ತದೆ. ಕೊಕ್ಕಿನ ಅಂಚಿನ ಸಣ್ಣ ಹಲ್ಲಿನಂಥ ಸಾಲುಗಳಲ್ಲಿ ಆಹಾರ ಉಳಿಯುತ್ತದೆ. ಬಕೆಟ್‌ನಲ್ಲಿ ಮಣ್ಣುನೀರು ಕದಡಿ ನಾಲ್ಕು ಜೋಳದ ಕಾಳು ಹಾಕಿ, ಹಳೆಯ ಸಾಣಿಗೆ ಕೈಗೆ ಕೊಡು. ಮಗಳೇ ಹಕ್ಕಿಯಾಗಲಿ.

ಇಂಗ್ಲಿಷಿನ ಚಿಂತೆ ಬಿಡು. ಐದು ನಿಮಿಷದ ಭಾಗ ಆರಿಸಿ ಧ್ವನಿ ಬಂದ್ ಮಾಡು. ಮಗಳು ಕ್ರಿಕೆಟ್ ಕಾಮೆಂಟರಿಯ ಹಾಗೆ ತನ್ನ ಮಾತಿನಲ್ಲಿ ಹೇಳಲಿ, ಅಣ್ಣ ಬರೆದುಕೊಳ್ಳಲಿ. ಮೊದಲ ಸಲ ‘ಹಕ್ಕಿ ಬಂತು, ಹಕ್ಕಿ ಹೋಯ್ತು’ ಅಷ್ಟೇ ಬರುತ್ತದೆ. ಮೂರನೇ ಸಲಕ್ಕೆ ಕುಕ್ಕಿತು, ಕೆದಕಿತು, ರೆಕ್ಕೆ ಬಡಿಯಿತು, ತೇಲಿತು ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಪದ ಹುಡುಕತೊಡಗುತ್ತಾರೆ. ಅಜ್ಜಿಯ ಬಾಯಿಂದ ಇನ್ನೂ ನಾಲ್ಕು ಪದ ಬರುತ್ತವೆ, ಅವು ಪುಸ್ತಕದಲ್ಲಿ ಸಿಗುವುದಿಲ್ಲ. ಧ್ವನಿಯ ವಿಷಯ ಬಂದಾಗ ಮಗನಿಗೆ ಇನ್ನೊಂದು ಮಾತು ಹೇಳು: ಇಂಥ ಚಿತ್ರಗಳಲ್ಲಿ ಕೇಳುವ ಹೆಜ್ಜೆ, ರೆಕ್ಕೆಯ ಸಪ್ಪಳ ಎಷ್ಟೋ ಸಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಎಷ್ಟೋ ದಿನ ಕಾದು ತೆಗೆದದ್ದನ್ನು ಕತ್ತರಿಸಿ ಮೂರು ನಿಮಿಷದ ಬೇಟೆ ಮಾಡಿರುತ್ತಾರೆ. ಕ್ಯಾಮೆರಾ ಎಲ್ಲಿತ್ತು ಎಂದು ಅವನು ಕೇಳಲು ಕಲಿತರೆ ನನಗೆ ಬಹಳ ಸಂತೋಷ.

ಏಳನೇ ತರಗತಿಯವನಿಗೆ ಪಟ್ಟೆತಲೆ ಹೆಬ್ಬಾತು ಕೊಡು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ, ಚಳಿಗಾಲದಲ್ಲಿ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಳಿಯುತ್ತದೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಅಳೆದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ನಮ್ಮ ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ಎಷ್ಟು ಪಟ್ಟು? ಅವನೇ ಭಾಗಿಸಲಿ, 14ರ ಹತ್ತಿರ ಬರುತ್ತದೆ. 5,500 ಮೀಟರ್ ಸುಮಾರಿಗೇ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ರೆಕ್ಕೆ ಬಡಿಯುವ ಹಕ್ಕಿಯ ರಕ್ತ ಆಮ್ಲಜನಕವನ್ನು ಇತರ ಬಾತುಗಳಿಗಿಂತ ಬಿಗಿಯಾಗಿ ಹಿಡಿಯುತ್ತದೆ.

ಈಗ ನಿಮ್ಮ ಅತ್ತೆಯವರು. ಅವರನ್ನು ಟಿವಿಯ ವಿರುದ್ಧ ಪಕ್ಷದಲ್ಲಿ ಕೂಡಿಸಬೇಡ. ರಾಜಹಂಸಗಳು ಬಂದಿಳಿಯುವ ನಿಮ್ಮ ಆಲಮಟ್ಟಿ ಹಿನ್ನೀರು ಮೊದಲು ಇರಲಿಲ್ಲ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಮುಂದೆ ನೀರು ನಿಂತಾಗ ಎಷ್ಟು ಊರು, ಹೊಲ ಮುಳುಗಿದವು ಎಂಬುದು ಅವರ ವಯಸ್ಸಿನವರಿಗೆ ಗೊತ್ತು. ನಾವು ಇರುವ ನವನಗರ ಹುಟ್ಟಿದ್ದೂ ಹಾಗೆ ಮನೆ ಮುಳುಗಿದವರಿಗಾಗಿಯೇ. ರಾಜಹಂಸ ನಿಂತ ಕೆಸರಿನ ಕೆಳಗೆ ಯಾರ ಹೊಲ ಇತ್ತು, ಏನು ಬೆಳೆಯುತ್ತಿದ್ದರು ಎಂದು ಮಕ್ಕಳು ಕೇಳಲಿ. ಟಿವಿ ತಾನಾಗಿಯೇ ಬಂದ್ ಆಗುತ್ತದೆ.

ಚಳಿ ಕಳೆದು ನೀರು ಇಳಿಯುತ್ತಾ ದಂಡೆಯ ಕೆಸರು ತೆರೆದುಕೊಂಡಾಗ ಒಂದು ಬೆಳಿಗ್ಗೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಹಕ್ಕಿ ಏಳದಷ್ಟು ದೂರದಲ್ಲಿ ನಿಲ್ಲಿ, ಕಲ್ಲು ಎಸೆಯುವವರಿದ್ದರೆ ತಡೆಯಿರಿ. ಗುಂಪಿನಲ್ಲಿ ಇನ್ನೂ ಗುಲಾಬಿಯಾಗದ ಬೂದು ಹಕ್ಕಿ ಇದ್ದರೆ ಅದನ್ನು ಮಗಳೇ ಅಜ್ಜಿಗೆ ತೋರಿಸಲಿ.