ಉಂಡ ಮನೆಯ ಜಂತೆ

ಪ್ರಶ್ನೆ: ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಸರ್ಕಾರದ ಸಂಬಳ ತಿಂದು, ಪತ್ರಿಕೆಗಳಲ್ಲಿ ಸರ್ಕಾರವನ್ನೇ ಬೈಯುತ್ತಾರೆ. ಉಂಡ ಮನೆಯ ಜಂತೆ ಎಣಿಸುವ ಇವರಿಗೆ ನಿಯಮ ಗಿಯಮ ಇಲ್ಲವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಗಾದೆ ಚೆನ್ನಾಗಿದೆ ಸ್ವಾಮಿ, ಬಳಸಿದ ಜಾಗ ಸರಿಯಿಲ್ಲ. ಅರ್ಥಶಾಸ್ತ್ರದ ಮೇಷ್ಟ್ರನ್ನು ಮನೆಗೆ ಕರೆದದ್ದೇ ಜಂತೆ ಎಣಿಸಲಿಕ್ಕೆ. ಯಾವುದಕ್ಕೆ ಗೆದ್ದಲು ಹಿಡಿದಿದೆ ಎಂದು ಹೇಳದಿದ್ದರೆ ಹಾಕಿದ ಊಟ ದಂಡ. ಗಣಿತದ ತರಗತಿಯಲ್ಲಿ ಚುನಾವಣಾ ಭಾಷಣ ಬಿಗಿಯುವವರ ಪರ ನಾನೂ ಇಲ್ಲ. ಅಷ್ಟು ನಿಮ್ಮ ಮಾತು ಒಪ್ಪಿದೆ.

ನಿಯಮ ಇದೆ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964. ಸರ್ಕಾರದ ಈಗಿನ ಅಥವಾ ಇತ್ತೀಚಿನ ನೀತಿಯನ್ನು ನೌಕರರು ಬಹಿರಂಗವಾಗಿ ಟೀಕಿಸಬಾರದು ಎನ್ನುತ್ತದೆ ಅದರ 9ನೇ ನಿಯಮ. ಕಡತ ನಡೆಸುವವರಿಗೆ ಹೊಲಿದ ಈ ಅಂಗಿಯನ್ನು ಮೇಷ್ಟ್ರುಗಳಿಗೂ ತೊಡಿಸುತ್ತಾರೆ. 2018ರ ಜುಲೈ 31ರ ಒಂದು ದಿನದ ಪ್ರತಿಭಟನೆಗಾಗಿ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ (ಜೆಎನ್‌ಯು) 48 ಅಧ್ಯಾಪಕರಿಗೆ ಮರುವರ್ಷ ಆರೋಪಪಟ್ಟಿ ಹೋದದ್ದು ಸರ್ಕಾರಿ ನೌಕರರ ಶಿಸ್ತಿನ ನಿಯಮದಡಿಯೇ. ಹೋಗಲಿ, ಸರ್ಕಾರಿ ನೌಕರರಿಗೆ ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ ಎಂದು ಸಂವಿಧಾನದ 311ನೇ ವಿಧಿ ಕೊಡುವ ರಕ್ಷಣೆಯಾದರೂ ಇವರಿಗೆ ಉಂಟೇ? ಇಲ್ಲ. ವಿಶ್ವವಿದ್ಯಾಲಯದ ಹುದ್ದೆ 'ನಾಗರಿಕ ಹುದ್ದೆ' ಅಲ್ಲವಂತೆ! ಕಟ್ಟಿಹಾಕುವಾಗ ಸರ್ಕಾರಿ ನೌಕರ, ಕಾಯುವಾಗ ಅಲ್ಲ.

ತೀರ್ಪು ಬರುವ ಮೊದಲೇ ಶಿಕ್ಷೆ ಶುರುವಾಗುತ್ತದೆ. ಕೇಂದ್ರದ ನಿಯಮದಂತೆ ಅಮಾನತಾದವರಿಗೆ ಸಿಗುವುದು ಅರ್ಧ ವೇತನದ ರಜೆಯಷ್ಟು ಜೀವನಾಧಾರ ಭತ್ಯೆ. ಮೂರು ತಿಂಗಳ ನಂತರ ಆ ಭತ್ಯೆಗೆ ಅದರದೇ ಶೇ 50ರಷ್ಟನ್ನು ಮೀರದಂತೆ ಸೇರಿಸಿ ಏರಿಸಬಹುದು. ವಿಚಾರಣೆಯ ವಿಳಂಬಕ್ಕೆ ನೀವೇ ಕಾರಣ ಎಂದರೆ ಅಷ್ಟೇ ಇಳಿಸಲೂಬಹುದು. ಬೇರೆಲ್ಲೂ ದುಡಿಯುತ್ತಿಲ್ಲ ಎಂದು ಬರೆದುಕೊಡಬೇಕು, ಅನುಮತಿಯಿಲ್ಲದೆ ಕೇಂದ್ರಸ್ಥಾನ, ಅಂದರೆ ಕೆಲಸದ ಊರು, ಬಿಡುವಂತಿಲ್ಲ. ನಿವೃತ್ತಿಯ ದಿನ ವಿಚಾರಣೆ ಬಾಕಿಯಿದ್ದರೆ ಗ್ರಾಚ್ಯುಟಿಗೂ ತಡೆ.

ಮೇಷ್ಟ್ರುಗಳೂ ಎಡವುತ್ತಾರೆನ್ನಿ. ನೋಟಿಸ್ ಬಂದ ರಾತ್ರಿಯೇ ಸಾಕ್ರೆಟಿಸ್‌ನಿಂದ ಹಿಡಿದು ನಾಲ್ಕು ಪುಟ ಗೀಚುತ್ತಾರೆ. ಅದರಲ್ಲಿ 'ಹೌದು, ಬರೆದೆ' ಎಂಬ ಒಂದೇ ಸಾಲು ಸಾಕು, ವಿಚಾರಣಾಧಿಕಾರಿಯ ಕೆಲಸ ಅರ್ಧ ಮುಗಿಯಿತು. ಒಂದೊಂದು ಆರೋಪಕ್ಕೂ ಬೇರೆಬೇರೆ ಉತ್ತರ ಬರೆಯಬೇಕು. ಪಟ್ಟಿಯಲ್ಲಿರುವ ದಾಖಲೆಗಳ ಪ್ರತಿ ಕೇಳಬೇಕು. ಲೇಖನದ ಕತ್ತರಿಸಿದ ತುಣುಕು ಲಗತ್ತಿಸಿದ್ದರೆ ಪೂರ್ತಿ ಲೇಖನವನ್ನು ಕಡತಕ್ಕೆ ಸೇರಿಸಬೇಕು. ದಿನವನ್ನೂ ಎಣಿಸುತ್ತಿರಬೇಕು: 90 ದಿನದೊಳಗೆ ಪುನರ್‌ಪರಿಶೀಲಿಸಿ ಮುಂದುವರಿಸದಿದ್ದರೆ ಅಮಾನತು ತಾನಾಗಿ ಬಿದ್ದುಹೋಗುತ್ತದೆ. ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಅಮಾನತು ಎಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ.

ನಿಮ್ಮ ವಾದವೇನೂ ಹೊಸದಲ್ಲ. 1837ರಲ್ಲಿ ಜರ್ಮನಿಯ ಹ್ಯಾನೋವರ್‌ನ ದೊರೆ ರಾಜ್ಯದ ಸಂವಿಧಾನವನ್ನೇ ರದ್ದುಮಾಡಿದಾಗ ಗಾಟಿಂಗನ್‌ನ ಏಳು ಪ್ರಾಧ್ಯಾಪಕರು ಒಪ್ಪದೆ ಪತ್ರ ಬರೆದರು. ಜಾನಪದ ಕತೆಗಳ ಗ್ರಿಮ್ ಸೋದರರೂ ಅವರಲ್ಲಿದ್ದರು. ಏಳೂ ಜನರ ಕೆಲಸ ಹೋಯಿತು, ಮೂವರಿಗೆ ಗಡೀಪಾರು. ಆ ದೊರೆಯ ಹೆಸರು ನಿಮಗೆ ನೆನಪಿದೆಯೇ?

ಅಂದಹಾಗೆ, ನೀವು ಕೇಳಿದ್ದು ಸಂಬಳದವರ ಬಗ್ಗೆ ಮಾತ್ರ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಅವರ ಬಾಯಿ ಮುಚ್ಚಿಸಲು 9ನೇ ನಿಯಮ ಬೇಡ, ಅಮಾನತು ಬೇಡ, ನೋಟಿಸೂ ಬೇಡ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಾಕು.