ಒಂಬತ್ತು ಮಿಲಿಮೀಟರ್ ಗಡ್ಡೆ, ಮೂರು ಮಂದಿಯ ಮೂರು ಮಾತು

ಪ್ರಶ್ನೆ: ನಾನು ಹುಬ್ಬಳ್ಳಿಯವಳು, 46 ವರ್ಷ, ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ಹೆಚ್ಚಾಗಿ ಗದಗ ರೂಟಿನ ಡ್ಯೂಟಿ. ಒಂದು ವರ್ಷದಿಂದ ಬಲಗಿವಿಯೊಳಗೆ ಗುಂಯ್ ಅನ್ನುವ ಸಪ್ಪಳ ನಿಂತಿಲ್ಲ. ಫೋನ್ ಬಂದರೆ ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ. ನಸುಕಿನಲ್ಲಿ ಎದ್ದರೆ ಜೋಲಿ ಹೊಡೆದಂತಾಗುತ್ತದೆ. ಕಳೆದ ತಿಂಗಳು ಎಂಆರ್‌ಐ ಮಾಡಿಸಿದಾಗ ಬಲಗಡೆ ಅಕೌಸ್ಟಿಕ್ ನ್ಯೂರೋಮಾ ಎಂಬ ಗಡ್ಡೆ, 9 ಮಿ.ಮೀ. ಎಂದು ಬಂತು. ಕಿವಿ ಡಾಕ್ಟರು ‘ಈಗೇನೂ ಬೇಡ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ’ ಅಂದರು. ಇನ್ನೊಂದು ಆಸ್ಪತ್ರೆಯ ನರ ಸರ್ಜನ್ನರು ‘ಸಣ್ಣದಿದ್ದಾಗಲೇ ಆಪರೇಷನ್ ಒಳ್ಳೆಯದು’ ಅಂದರು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಗಾಮಾ ನೈಫ್ ಮಾಡಿಸಿ ಮುಗಿಸಿಬಿಡು ಅನ್ನುತ್ತಾನೆ. ನಮ್ಮ ಭಾವನವರು ‘ತಲಿಯೊಳಗ ಗಡ್ಡಿ ಇಟ್ಕೊಂಡು ಹೆಂಗ ಕುಂದರ್ತಿ, ತಗಿಸಿ ಒಗಿ’ ಎಂದು ದಿನಾ ಹೇಳುತ್ತಾರೆ. ಅತ್ತೆಯವರು ಕಿವಿಗೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಇಟ್ಟಿದ್ದಾರೆ. ಡಿಪೊದಲ್ಲಿ ಇನ್ನೂ ಹೇಳಿಲ್ಲ, ನೌಕರಿಗೆ ಕುತ್ತು ಬಂದೀತೆಂಬ ಹೆದರಿಕೆ. ನಾನು ಯಾರ ಮಾತು ಕೇಳಲಿ?

ಉತ್ತರ: ತಂಗೀ, ನಿಮ್ಮ ಕಾಗದದ ಜೊತೆ ಬಂದ ರಿಪೋರ್ಟುಗಳನ್ನು ನಿಧಾನವಾಗಿ ಓದಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಸಮಯವಿದೆ. ಎರಡನೇ ಸ್ಕ್ಯಾನ್ ಆಗುವ ತನಕ ಆಪರೇಷನ್ನಿಗಾಗಲಿ ವಿಕಿರಣಕ್ಕಾಗಲಿ (ಗಾಮಾ ನೈಫ್ ಅಂದರೆ ಅದೇ) ಒಪ್ಪಿಗೆ ಕೊಡಬೇಡಿ. ಆದರೆ ಆ ಎರಡನೇ ಸ್ಕ್ಯಾನನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಯಾಕೆ ಹೀಗೆ ಹೇಳುತ್ತೇನೆಂದರೆ, ನಿಮ್ಮ ರಿಪೋರ್ಟಿನಲ್ಲಿ ಮೂರು ಸಾಲುಗಳಿವೆ. ಗಾಬರಿಯಲ್ಲಿ ಅವು ನಿಮ್ಮ ಕಣ್ಣು ತಪ್ಪಿಸಿದ ಹಾಗೆ ಕಾಣುತ್ತದೆ. ಗಡ್ಡೆ ಕಿವಿಯ ಹಿಂದಿನ ಎಲುಬಿನ ನಾಳದೊಳಗೇ ಇದೆ, ಹೊರಗೆ ಚಾಚಿಲ್ಲ. ಮೆದುಳಿನ ಕಾಂಡಕ್ಕೆ ತಾಗಿಲ್ಲ. ಎಡಗಡೆ ಏನೂ ಇಲ್ಲ. ಈ ಕೊನೆಯ ಸಾಲು ಮುಖ್ಯ. ಎರಡೂ ಬದಿಗೆ ಇದ್ದಿದ್ದರೆ ಅದು ವಂಶದಲ್ಲಿ ಹರಿದು ಬರುವ ಬೇರೊಂದು ಕಾಯಿಲೆಯ ಗುರುತಾಗಿ, ಮಕ್ಕಳನ್ನೂ ಪರೀಕ್ಷೆ ಮಾಡಿಸಬೇಕಾಗುತ್ತಿತ್ತು.

ಇದು ಕ್ಯಾನ್ಸರ್ ಅಲ್ಲ. ಒಳಗಿವಿಯಿಂದ ಮೆದುಳಿಗೆ ಹೋಗುವ ಎಂಟನೆಯ ನರದಲ್ಲಿ ಕೇಳುವ ಎಳೆ, ಮೈಯ ತೋಲ (ಸಮತೋಲ) ಹಿಡಿಯುವ ಎಳೆ ಎರಡೂ ಇರುತ್ತವೆ. ಗಡ್ಡೆ ಹುಟ್ಟುವುದು ಸಾಮಾನ್ಯವಾಗಿ ತೋಲದ ಎಳೆಯ ಹೊದಿಕೆಯಲ್ಲಿ. ಅದಕ್ಕೇ ವೈದ್ಯರು ಈಗ ಇದನ್ನು ವೆಸ್ಟಿಬ್ಯುಲರ್ ಶ್ವಾನೋಮಾ ಎಂದು ಬರೆಯುತ್ತಾರೆ. ಕತ್ತಲಲ್ಲಿ ಎದ್ದಾಗ ಜೋಲಿ ಬರುವುದು ಇದೇ ಕಾರಣಕ್ಕೆ: ಹಗಲು ಕಣ್ಣು ಕೊಡುವ ಆಸರೆ ಕತ್ತಲಲ್ಲಿ ಇರುವುದಿಲ್ಲ. ಮಂಚದ ಪಕ್ಕ ಒಂದು ಸಣ್ಣ ಲೈಟು ಹಾಕಿಸಿಕೊಳ್ಳಿ, ಇವತ್ತೇ.

ಅತ್ತೆಯವರ ಎಣ್ಣೆ ಕಿವಿಯ ತಮಟೆ ದಾಟಿ ಒಳಗೆ ಹೋಗುವುದಿಲ್ಲ, ಗಡ್ಡೆ ಇರುವುದು ಅದಕ್ಕೂ ಬಹಳ ಆಚೆ. ಅವರ ಕಾಳಜಿಗೆ ಕೈ ಮುಗಿಯಿರಿ, ಎಣ್ಣೆ ಹಾಕಿಸಿಕೊಳ್ಳಬೇಡಿ.

ಈಗ ಭಾವನವರ ಮಾತು. ತಲೆಯೊಳಗೆ ಗಡ್ಡೆ ಎಂದರೆ ತೆಗೆಸಬೇಕು ಎನ್ನುವುದು ಪ್ರೀತಿಯ ಮಾತು, ಆದರೆ ಈ ಗಡ್ಡೆಯ ಸ್ವಭಾವಕ್ಕೆ ಹೊಂದುವ ಮಾತಲ್ಲ. ಬೆಳೆದರೆ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಎಷ್ಟೋ ಜನರಲ್ಲಿ ಬೆಳೆಯುವುದೇ ಇಲ್ಲ. ಡೆನ್ಮಾರ್ಕಿನ ವೈದ್ಯರು 552 ರೋಗಿಗಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡುತ್ತ ಬಂದು 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನಿಮ್ಮಂತೆ ನಾಳದೊಳಗೇ ಇದ್ದ ಗಡ್ಡೆಗಳಲ್ಲಿ 17% ಮಾತ್ರ ಬೆಳೆದು ಹೊರಗೆ ಬಂದವು. ಬೆಳೆದವೂ ಮೊದಲ ಐದು ವರ್ಷಗಳಲ್ಲೇ ಬೆಳೆದವು. ನಿಮ್ಮದು ಯಾವ ಗುಂಪಿನದು ಎಂದು ಒಂದೇ ಸ್ಕ್ಯಾನ್ ನೋಡಿ ಯಾರೂ ಹೇಳಲಾರರು. ಎರಡನೇ ಚಿತ್ರ ಬೇಕು, ಪಕ್ಕದಲ್ಲಿಟ್ಟು ಅಳೆಯಬೇಕು. ಎರಡು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ ಅಳತೆಯ ಏರುಪೇರೂ ಆಗಿರಬಹುದು. ಅದಕ್ಕೇ ಸಾಧ್ಯವಾದರೆ ಅದೇ ಕಡೆ ಸ್ಕ್ಯಾನ್ ಮಾಡಿಸಿ, ಸಿಡಿಯನ್ನು ಜೋಪಾನವಾಗಿಡಿ. ಬರೀ ರಿಪೋರ್ಟಿನ ಹಾಳೆ ಸಾಕಾಗುವುದಿಲ್ಲ.

ನಾರ್ವೆಯಲ್ಲಿ ನಿಮ್ಮ ಪ್ರಶ್ನೆಯನ್ನೇ ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದ್ದಾರೆ. ಫಲಿತಾಂಶ ಹೊರಬಂದದ್ದು 2023ರಲ್ಲಿ. ಹೊಸದಾಗಿ ಸಣ್ಣ ಗಡ್ಡೆ ಪತ್ತೆಯಾದ 100 ಜನರಲ್ಲಿ ಅರ್ಧ ಜನಕ್ಕೆ ಕೂಡಲೇ ವಿಕಿರಣ ಕೊಟ್ಟರು. ಉಳಿದರ್ಧ ಜನ ಸ್ಕ್ಯಾನ್ ಮಾಡಿಸುತ್ತ ಕಾದರು. ನಾಲ್ಕು ವರ್ಷಕ್ಕೆ ನೋಡಿದಾಗ ಗಡ್ಡೆ ಕುಗ್ಗಿದ್ದು ವಿಕಿರಣ ಪಡೆದವರಲ್ಲೇ ಹೆಚ್ಚು, ಅದರಲ್ಲಿ ಅನುಮಾನವಿಲ್ಲ. ಆದರೆ ಕಿವಿ ಕೇಳುವುದರಲ್ಲಿ, ತೋಲದಲ್ಲಿ, ದಿನನಿತ್ಯದ ನೆಮ್ಮದಿಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಕಾದ 50 ಜನರಲ್ಲಿ 28 ಜನಕ್ಕೆ ಆ ನಾಲ್ಕು ವರ್ಷದಲ್ಲಿ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ. 21 ಜನಕ್ಕೆ ಬೆಳವಣಿಗೆ ಕಂಡ ಮೇಲೆ ವಿಕಿರಣ ಕೊಟ್ಟರು, ಒಬ್ಬರಿಗೆ ಆಪರೇಷನ್ ಆಯಿತು. ಕಿವಿ ಡಾಕ್ಟರು ಕಾಯಿರಿ ಎಂದದ್ದು ಉದಾಸೀನದಿಂದ ಅಲ್ಲ ಎನ್ನುವುದಕ್ಕೆ ನನಗೆ ಇಷ್ಟು ಆಧಾರ ಸಾಕು.

ಹಾಗೆಂದು ಸರ್ಜನ್ನರು ತಪ್ಪು ಹೇಳಿದರು ಅಂತಲೂ ತಿಳಿಯಬೇಡಿ. ನಿಮ್ಮ ಬಲಗಿವಿಯ ಪರೀಕ್ಷೆಯಲ್ಲಿ ನಷ್ಟ 35 ಡೆಸಿಬಲ್, ಮಾತು ಗುರುತಿಸುವುದು 84%. ನಷ್ಟ 50 ಡೆಸಿಬಲ್‌ನೊಳಗೆ, ಮಾತು ತಿಳಿಯುವುದು 50%ಕ್ಕೆ ಮೇಲೆ ಇದ್ದರೆ ಸಾಮಾನ್ಯವಾಗಿ ಅದನ್ನು ಬಳಕೆಗೆ ಬರುವ ಕಿವಿ ಎಂದು ಹಿಡಿಯುತ್ತಾರೆ. ನಿಮ್ಮದು ಇನ್ನೂ ಬಳಕೆಗೆ ಬರುವ ಕಿವಿ. ಗಡ್ಡೆ ಸಣ್ಣದಿದ್ದು ಕಿವಿ ಚೆನ್ನಾಗಿರುವಾಗಲೇ ಕಿವಿ ಉಳಿಸುವ ಆಪರೇಷನ್ನಿಗೆ ಹೆಚ್ಚು ಅವಕಾಶ, ಅವರ ಲೆಕ್ಕ ಅದು. ಆದರೆ ಅದೇ ಇಕ್ಕಟ್ಟಾದ ಎಲುಬಿನ ನಾಳದಲ್ಲಿ ಮುಖದ ನರವೂ ಹಾದುಹೋಗುತ್ತದೆ. ಕಣ್ಣು ಮುಚ್ಚಿಸುವುದು, ತುಟಿ ಅಲುಗಿಸುವುದು ಆ ನರ. ಅದಕ್ಕೆ ಪೆಟ್ಟಾದರೆ ಮುಖ ಒಂದು ಕಡೆ ವಾಲುತ್ತದೆ. ಮೆದುಳಿನ ಸುತ್ತಲಿನ ನೀರು ಸೋರುವ ಅಪಾಯವೂ ಇದೆ. ಆ ಸರ್ಜನ್ನರ ಹತ್ತಿರ ಮತ್ತೆ ಹೋದರೆ ನೇರವಾಗಿ ಕೇಳಿ: ಯಾವ ದಾರಿಯಿಂದ ಒಳಗೆ ಹೋಗುತ್ತೀರಿ? ಒಳಗಿವಿಯನ್ನೇ ಕೊರೆದು ಹೋಗುವ ದಾರಿಯಾದರೆ ಆ ಕಿವಿಯ ಕೇಳ್ಮೆ ಪೂರ್ತಿ ಹೋಗುತ್ತದೆ. ಕಿವಿ ಉಳಿಸಲು ಪ್ರಯತ್ನಿಸುವ ದಾರಿಗಳು ಬೇರೆ. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ, ನಿಮ್ಮ ರೋಗಿಗಳಲ್ಲಿ ಎಷ್ಟು ಜನಕ್ಕೆ ಮುಖ ಸರಿ ಉಳಿಯಿತು, ಎಷ್ಟು ಜನಕ್ಕೆ ಕಿವಿ ಉಳಿಯಿತು? ಈ ಕೆಲಸದಲ್ಲಿ ಕೈಯ ಅನುಭವವೇ ಬಹಳ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಅಕ್ಕನ ಮಗ ಹೇಳಿದ ಗಾಮಾ ನೈಫ್‌ನಲ್ಲಿ ಕೊಯ್ಯುವುದಿಲ್ಲ. ತಲೆಗೆ ಚೌಕಟ್ಟು ಬಿಗಿದು ಸಣ್ಣ ಸಣ್ಣ ಕಿರಣಗಳನ್ನು ಎಲ್ಲ ಕಡೆಯಿಂದ ಗಡ್ಡೆಯ ಮೇಲೆ ಕೂಡಿಸುತ್ತಾರೆ, ಸಾಮಾನ್ಯವಾಗಿ ಒಂದೇ ಸಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಯಂತ್ರವಿದೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಲ್ಲಿ ಗಡ್ಡೆಯ ಬೆಳವಣಿಗೆ ನಿಲ್ಲುತ್ತದೆ. ಆದರೆ ‘ಮುಗಿಸಿಬಿಡು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗಡ್ಡೆ ಅಲ್ಲೇ ಇರುತ್ತದೆ. ಮೊದಲ ಒಂದೆರಡು ವರ್ಷ ಬಾತುಕೊಂಡು ದೊಡ್ಡದಾದಂತೆ ಕಾಣುವುದೂ ಉಂಟು. ಮುಂದೆಯೂ ವರ್ಷಗಟ್ಟಲೆ ಸ್ಕ್ಯಾನ್ ತಪ್ಪುವುದಿಲ್ಲ. ಅಪರೂಪಕ್ಕೆ ಅದು ಮತ್ತೆ ಬೆಳೆದು ಆಪರೇಷನ್ ಬೇಕಾದರೆ, ವಿಕಿರಣ ಬಿದ್ದ ಜಾಗದಲ್ಲಿ ಮುಖದ ನರವನ್ನು ಬಿಡಿಸುವುದು ಹೆಚ್ಚು ಕಷ್ಟ. ಎರಡನೇ ಸ್ಕ್ಯಾನಿನಲ್ಲಿ ಬೆಳವಣಿಗೆ ಖಚಿತವಾದರೆ ನಿಮ್ಮ ಅಳತೆಯ ಗಡ್ಡೆಗೆ ಇದು ಒಳ್ಳೆಯ ದಾರಿ. ಅವತ್ತು ನಾನೂ ಅವನ ಕಡೆಗೇ ಇರುತ್ತೇನೆ.

ಮೂರು ದಾರಿಯವರೂ ಒತ್ತಿ ಹೇಳದ ಒಂದು ಸಂಗತಿಯನ್ನು ನಾನು ಹೇಳಲೇಬೇಕು, ಕೇಳಲು ಕಷ್ಟವಾದರೂ. ಹೋದ ಕೇಳ್ಮೆಯನ್ನು ಈ ಮೂರರಲ್ಲಿ ಯಾವುದೂ ತಿರುಗಿ ತರುವುದಿಲ್ಲ. ಗುಂಯ್ ಸಪ್ಪಳ ನಿಂತೇ ನಿಲ್ಲುತ್ತದೆ ಎನ್ನುವ ಭರವಸೆಯನ್ನೂ ಯಾವುದೂ ಕೊಡುವುದಿಲ್ಲ. ಕಾದರೂ, ಗಡ್ಡೆ ಬೆಳೆಯದಿದ್ದರೂ ಬಲಗಿವಿ ವರ್ಷಗಳು ಕಳೆದಂತೆ ಮಂದವಾಗಬಹುದು. ವಿಕಿರಣ ಕೊಟ್ಟರೂ ಆಗಬಹುದು. ‘ಏನಾದರೂ ಮಾಡಿಸಿದರೆ ಮೊದಲಿನಂತೆ ಕೇಳಿಸೀತು’ ಎಂಬ ಆಸೆಯಿಂದ ನೀವು ಆಪರೇಷನ್ ಕಡೆ ವಾಲುತ್ತಿದ್ದರೆ ದಯವಿಟ್ಟು ಅಲ್ಲೇ ನಿಲ್ಲಿ. ನಿಮ್ಮ ಕಾಗದದ ಎರಡನೇ ಪುಟದಲ್ಲಿ ‘ಮೊದಲಿನ ಹಂಗ ಆದ್ರ ಸಾಕ್ರಿ’ ಎಂದು ಬರೆದದ್ದನ್ನು ಓದಿ ನನಗೆ ಸಂಕಟವಾಯಿತು, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇನ್ನು ನಿಮ್ಮ ಕೆಲಸ. ಶಕ್ತಿ ಯೋಜನೆ ಬಂದ ಮೇಲೆ ಗದಗ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗದ್ದಲದಲ್ಲಿ ಹಿಂದಿನಿಂದ ಯಾರೋ ‘ಅಣ್ಣಿಗೇರಿ ಒಂದ್ರಿ’ ಅಂದರೆ ದನಿ ಯಾವ ಕಡೆಯಿಂದ ಬಂತೆಂದು ನಿಮಗೆ ತಿಳಿಯುವುದಿಲ್ಲ ಎಂದಿದ್ದೀರಿ. ಒಂದು ಕಿವಿ ಹಿಂದೆ ಬಿದ್ದವರಿಗೆಲ್ಲ ಇದೇ ತೊಂದರೆ. ದಿಕ್ಕು ತಿಳಿಯಲು ಎರಡು ಕಿವಿ ಬೇಕು. ಈಗಿನ ಮಟ್ಟದಲ್ಲಿ ಸಾಮಾನ್ಯ ಹಿಯರಿಂಗ್ ಏಡ್ ಉಪಯೋಗವಾದೀತೇ ಎಂದು ಆಡಿಯಾಲಜಿಸ್ಟರನ್ನು ಕೇಳಿ. ಮುಂದೆ ಆ ಕಿವಿ ಪೂರ್ತಿ ಹೋದರೆ ಬಲಗಡೆಯ ದನಿಯನ್ನು ಎಡಗಿವಿಗೆ ದಾಟಿಸುವ ಕ್ರಾಸ್ ಎಂಬ ಸಾಧನವಿದೆ. ತೋಲಕ್ಕೆ ವ್ಯಾಯಾಮಗಳಿವೆ: ತೋಳು ಚಾಚಿ ಹೆಬ್ಬೆರಳಿನ ಉಗುರಿನ ಮೇಲೆ ಕಣ್ಣಿಟ್ಟು ತಲೆಯನ್ನು ಮಾತ್ರ ಎಡಕ್ಕೆ ಬಲಕ್ಕೆ ತಿರುಗಿಸುವುದು, ಉಗುರು ಮಸುಕಾಗದ ಹಾಗೆ. ಫಿಸಿಯೊಥೆರಪಿಯವರು ಸರಿಯಾಗಿ ಕಲಿಸಿಕೊಡುತ್ತಾರೆ, ದಿನಾ ಮಾಡಬೇಕು. ಬಸ್ಸಿನಲ್ಲಿ ಟಿಕೆಟ್ ಮಷಿನ್ ಒಂದು ಕೈಯಲ್ಲಿದ್ದರೆ ಇನ್ನೊಂದು ಕೈ ಸರಳು ಬಿಡದಿರಲಿ. ಚಿಲ್ಲರೆ ಕೊಡುವುದು ಒಂದು ಗಳಿಗೆ ತಡವಾದರೆ ಆಗಲಿ.

ಡಿಪೊದಲ್ಲಿ ಮುಚ್ಚಿಡಬೇಡಿ. ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂತೆಂದು ಸರಕಾರಿ ಸಂಸ್ಥೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹಾಗೆ ಹೇಳುತ್ತದೆ. ಕೇಳ್ಮೆಯ ವಿಷಯದಲ್ಲಿ ಆ ಕಾಯ್ದೆ ಅಂಗವೈಕಲ್ಯ ಎಂದು ಹಿಡಿಯುವ ಅಳತೆ ಎರಡೂ ಕಿವಿಯದ್ದು, ನೀವಿನ್ನೂ ಅದರ ಹತ್ತಿರವೂ ಇಲ್ಲ. ಹಾಗಾಗಿ ಒಂದು ಕಿವಿ ಮಂದವಾಯಿತೆಂದು ನೌಕರಿ ಹೋಗುತ್ತದೆ ಎಂದು ಹೆದರಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಡಾಕ್ಟರ ಚೀಟಿ ಕೊಟ್ಟು, ಜೋಲಿ ಬರುವ ದಿನಗಳಲ್ಲಿ ನಸುಕಿನ ಡ್ಯೂಟಿ ತಪ್ಪಿಸಿ ಎಂದು ಬರಹದಲ್ಲಿ ಕೇಳಿ. ಯೂನಿಯನ್ನಿನವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕಾಯುವ ಆರು ತಿಂಗಳಲ್ಲಿ ಬಲಗಿವಿ ಒಮ್ಮೆಲೇ ಕೇಳಿಸದಂತಾದರೆ ಅದೇ ದಿನ, ಹೆಚ್ಚೆಂದರೆ ಮರುದಿನ ಕಿವಿ ಡಾಕ್ಟರ ಹತ್ತಿರ ಹೋಗಿ. ಬೇಗ ಸ್ಟಿರಾಯ್ಡ್ ಕೊಟ್ಟರೆ ಕೆಲವರಿಗೆ ಕೇಳ್ಮೆ ತಿರುಗಿ ಬರುತ್ತದೆ, ವಾರಗಟ್ಟಲೆ ತಡವಾದರೆ ಆ ಅವಕಾಶ ಕಡಿಮೆ. ಮುಖ ಜೋಮು ಹಿಡಿದರೆ, ಬಾಯಿ ಒಂದು ಕಡೆ ಎಳೆದರೆ, ವಾಂತಿಯೊಡನೆ ತಲೆನೋವು ಏರುತ್ತ ಹೋದರೆ, ಒಂದು ವಸ್ತು ಎರಡಾಗಿ ಕಂಡರೆ ಸ್ಕ್ಯಾನಿನ ತಾರೀಖಿಗೆ ಕಾಯಬೇಡಿ. ಇಂಥದ್ದೇನೂ ಆಗದಿದ್ದರೆ ಆರು ತಿಂಗಳಿಗೆ ಒಂದು ಸ್ಕ್ಯಾನ್, ಆಮೇಲೆ ವರ್ಷಕ್ಕೊಂದು. ಪ್ರತಿ ಸಲವೂ ಕಿವಿ ಪರೀಕ್ಷೆ ಜೊತೆಗೇ ಆಗಲಿ. ನನಗೆ ನಿಜವಾಗಿ ಭಯವಿರುವುದು ಗಡ್ಡೆಯ ಬಗ್ಗೆ ಅಲ್ಲ. ಎರಡು ಸ್ಕ್ಯಾನ್ ಚೆನ್ನಾಗಿ ಬಂದ ಮೇಲೆ ಮನೆಯ ಖರ್ಚು, ರಜೆ ಸಿಗದ ಕಷ್ಟ, ಮಕ್ಕಳ ಪರೀಕ್ಷೆ ಎಂದು ಮೂರನೆಯದನ್ನು ನೀವು ಮುಂದೂಡುತ್ತೀರಿ, ಅದರ ಬಗ್ಗೆ. ಮನೆ ನಡೆಸುವ ಹೆಂಗಸರು ತಮ್ಮ ಪರೀಕ್ಷೆಯನ್ನೇ ಮೊದಲು ಮುಂದೂಡುತ್ತಾರೆ. ತಾರೀಖನ್ನು ಮಗಳ ಫೋನಿನಲ್ಲಿ ಹಾಕಿಸಿಡಿ.

ಕಿವಿ ಡಾಕ್ಟರ ಮುಂದಿನ ಭೇಟಿಗೆ ಭಾವನವರನ್ನು ಕರೆದುಕೊಂಡು ಹೋಗಿ, ಚಿತ್ರವನ್ನು ಅವರಿಗೂ ತೋರಿಸಲು ಹೇಳಿ. ‘ಹೆಂಗ ಇಟ್ಕೊಂಡು ಕುಂದರೂದು’ ಎಂಬ ಪ್ರಶ್ನೆಯನ್ನು ಅವರೇ ಡಾಕ್ಟರಿಗೆ ಕೇಳಲಿ. ನೀವು ಡಾಕ್ಟರ ಎದುರಿನ ಕುರ್ಚಿಯಲ್ಲಿ ಎಡಗಿವಿ ಅವರ ಕಡೆ ಬರುವ ಹಾಗೆ ಕೂತುಕೊಳ್ಳಿ, ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಎನ್ನಲು ನಾಚಬೇಡಿ. ಎರಡನೇ ಸ್ಕ್ಯಾನ್ ಆದ ಮೇಲೆ ನನಗೆ ಮತ್ತೆ ಕಾಗದ ಹಾಕಿ. ಬೆಳೆದಿದೆ ಎಂದು ಬಂದರೂ ಹಾಕಿ, ಆಗಿನ ಲೆಕ್ಕವನ್ನು ಆಗ ಕೂಡಿಯೇ ನೋಡೋಣ.